ಅದನ್ನು ಬೆಳ್ಳಿ ಹಡಗು ಅನ್ನಬೇಡಿ

ನಮಸ್ಕಾರ. ವರ್ಷಕ್ಕೊಂದು ಸಲ ನನ್ನ ವಾಟ್ಸಾಪಿಗೆ ಒಂದು ವಿಡಿಯೋ ತಪ್ಪದೆ ಬರುತ್ತದೆ. ಸಮುದ್ರದ ತಳ, ಹೊಳೆಯುವ ಬೆಳ್ಳಿ ಗಟ್ಟಿಗಳು, ಕೆಳಗೆ ದೊಡ್ಡಕ್ಷರದಲ್ಲಿ "ನಮ್ಮ ಗೇರುಸೊಪ್ಪದ ನಿಧಿ!" ಕಳಿಸುವವರು ಹೆಚ್ಚಾಗಿ ಉತ್ತರ ಕನ್ನಡದವರೇ. ಅಭಿಮಾನ ಅರ್ಥವಾಗುತ್ತದೆ. ಆದರೆ ಬೆಳ್ಳಿ ಹೊತ್ತು ಮುಳುಗಿದ "ಗೈರ್‌ಸೊಪ್ಪಾ" ಎಂಬ ಆ ಹಡಗಿನಲ್ಲಿ ನಮ್ಮದು ಅಂತ ಖಚಿತವಾಗಿ ಹೇಳಬಹುದಾದದ್ದು ಹೆಸರೊಂದೇ.

ಅದೂ ಆಮೇಲೆ ಬಂದ ಹೆಸರು. 1919ರಲ್ಲಿ ಇಂಗ್ಲೆಂಡಿನ ಟೈನ್ ನದಿ ದಂಡೆಯ ಪಾಮರ್ಸ್ ಕಂಪನಿ ಕಟ್ಟಿದ ಆಗಬೋಟು ಅದು. ಮಹಾಯುದ್ಧಕ್ಕೆಂದು ಶುರುವಾದ ಕೆಲಸ, ಆಗ ಇಡಬೇಕೆಂದಿದ್ದ ಹೆಸರು "ವಾರ್ ರೋಬಕ್". ಯುದ್ಧ ಮುಗಿದೇ ಹೋಯಿತು. ಹಡಗು ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ ಪಾಲಾಯಿತು. ಆ ಕಂಪನಿಗೆ "ಆ"ಕಾರದಲ್ಲಿ ಮುಗಿಯುವ ಹೆಸರುಗಳ ಹುಚ್ಚು. ಹಾಗೆ ಶರಾವತಿ ದಂಡೆಯ ಗೇರುಸೊಪ್ಪ ಹೋಗಿ "ಗೈರ್‌ಸೊಪ್ಪಾ" ಆಯಿತು. ಜೋಗವನ್ನೇ ಗೇರ್ಸೊಪ್ಪಾ ಫಾಲ್ಸ್ ಅಂತ ಕರೆದ ಜನ ಅವರು, ಬಿಡಿ.

ಎರಡನೇ ಯುದ್ಧ ಬಂತು. 1940ರ ಡಿಸೆಂಬರಿನಲ್ಲಿ ಹಡಗು ಕಲ್ಕತ್ತೆ ಬಿಟ್ಟಿತು. ಒಳಗೆ ಬೀಡುಕಬ್ಬಿಣ, ಚಹಾ, ಅಂಚೆ ಚೀಲಗಳು, ಜತೆಗೆ ಬೆಳ್ಳಿ. ಆಫ್ರಿಕಾದ ಫ್ರೀಟೌನ್‌ನಲ್ಲಿ ಬೇರೆ ಹಡಗುಗಳ ಗುಂಪು ಸೇರಿಕೊಂಡಿತು, ಏಕೆಂದರೆ ಒಂಟಿ ಹೋದರೆ ಜರ್ಮನರ ಜಲಾಂತರ್ಗಾಮಿಗಳಿಗೆ ಸಿಕ್ಕಿಬೀಳುತ್ತದೆ. ಅಟ್ಲಾಂಟಿಕ್ ಚಳಿಗಾಲದ ಬಿರುಗಾಳಿಯಲ್ಲಿ ಕಲ್ಲಿದ್ದಲು ಮುಗಿಯುತ್ತ ಬಂತು. ಬ್ರಿಟನ್ ಮುಟ್ಟುವಷ್ಟು ಉಳಿದಿಲ್ಲ. ಕ್ಯಾಪ್ಟನ್ ಗುಂಪು ಬಿಟ್ಟು ಐರ್ಲೆಂಡಿನ ಗಾಲ್ವೇ ಕಡೆ ತಿರುಗಿಸಿದ. ಜರ್ಮನ್ ವಿಮಾನವೊಂದರ ಕಣ್ಣಿಗೆ ಬಿತ್ತು. 1941ರ ಫೆಬ್ರುವರಿ 16ರ ನಡುರಾತ್ರಿಯ ಹೊತ್ತಿಗೆ ಯು-101 ಎಂಬ ಜರ್ಮನ್ ಜಲಾಂತರ್ಗಾಮಿ ಬಿಟ್ಟ ಟಾರ್ಪಿಡೋ ಬಡಿಯಿತು. ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿದಿತ್ತು.

ಇನ್ನು ಮುಂದಿನದನ್ನು ಆ ವಿಡಿಯೋಗಳು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ಪಾರಾಗಿ ಹೊರಟದ್ದು ಒಂದೇ ದೋಣಿ. ಅದರಲ್ಲಿ ಮೂವತ್ತು ಚಿಲ್ಲರೆ ಜನ, ಮುಕ್ಕಾಲು ಪಾಲು ನಮ್ಮ ದೇಶದ ಖಲಾಸಿಗಳು. ಸೆಕೆಂಡ್ ಆಫೀಸರ್ ಏರ್ಸ್ ಎಂಬಾತ ಹಾಯಿ ಕಟ್ಟಿ ಪೂರ್ವಕ್ಕೆ ನಡೆಸಿದ. ಕುಡಿಯುವ ನೀರು ಅಳೆದು ಕೊಟ್ಟರೂ ವಾರದ ಹೊತ್ತಿಗೆ ಖಾಲಿ. ಒಬ್ಬೊಬ್ಬರಾಗಿ ಹೋದರು. ಹದಿಮೂರನೇ ದಿನ, ಮಾರ್ಚ್ 1ರಂದು, ಕಾರ್ನ್‌ವಾಲ್‌ನ ಲಿಜರ್ಡ್ ತುದಿ ಕಂಡಾಗ ಉಸಿರಾಡುತ್ತಿದ್ದವರು ಬೆರಳೆಣಿಕೆ. ನೆಲ ಕಣ್ಣೆದುರೇ ಇತ್ತು. ಬಂಡೆಗಳ ನಡುವೆ ತೆರೆ ದೋಣಿಯನ್ನು ಮಗುಚಿ ಹಾಕಿತು. ದಡದಿಂದ ಎಳೆದುಕೊಂಡದ್ದು ಏರ್ಸ್ ಒಬ್ಬನನ್ನೇ. ಹಡಗಿನಲ್ಲಿದ್ದ 86 ಜನರಲ್ಲಿ ಒಬ್ಬ.

2011ರಲ್ಲಿ ಅಮೆರಿಕದ ಒಡಿಸ್ಸಿ ಮರೀನ್ ಕಂಪನಿ 4,700 ಮೀಟರ್ ಆಳದಲ್ಲಿ ಹಡಗನ್ನು ಪತ್ತೆ ಮಾಡಿತು. ಟೈಟಾನಿಕ್ ಕೂಡ ಇಷ್ಟು ಆಳದಲ್ಲಿ ಬಿದ್ದಿಲ್ಲ. ಎರಡು ವರ್ಷದಲ್ಲಿ 2,792 ಗಟ್ಟಿ, ಸುಮಾರು 110 ಟನ್ ಬೆಳ್ಳಿ ಮೇಲೆ ಬಂತು. ಖರ್ಚು ಕಳೆದು ನೂರಕ್ಕೆ 80 ಕಂಪನಿಗೆ, ಉಳಿದದ್ದು ಬ್ರಿಟಿಷ್ ಸರ್ಕಾರಕ್ಕೆ. ಬ್ರಿಟನ್ನಿನ ಟಂಕಸಾಲೆ ರಾಯಲ್ ಮಿಂಟ್ ಆ ಬೆಳ್ಳಿಯಲ್ಲೇ ನಾಣ್ಯ ಟಂಕಿಸಿ ಅಂಚಿನ ಮೇಲೆ ಹಡಗಿನ ಹೆಸರು ಕೆತ್ತಿ ಮಾರಿತು. ಗೇರುಸೊಪ್ಪ ಎಲ್ಲಿದೆಯೆಂದು ಕೊಂಡವರಲ್ಲಿ ಎಷ್ಟು ಜನರಿಗೆ ಗೊತ್ತೋ!

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಬೆಳ್ಳಿಯಲ್ಲ, ಕಾಗದ. ಏಳುನೂರಕ್ಕೂ ಹೆಚ್ಚು ಪತ್ರಗಳು ಸಿಕ್ಕವು. ಗಾಳಿ ಬೆಳಕು ಸೋಕದ ಕತ್ತಲಲ್ಲಿ ಎಪ್ಪತ್ತು ವರ್ಷ ಉಳಿದಿದ್ದವು. ಭಾರತದಲ್ಲಿದ್ದ ಬಿಳಿಯರು, ಬ್ರಿಟಿಷ್ ಸೈನಿಕರು ಊರಿಗೆ ಬರೆದವು. ಲಂಡನ್ನಿನ ಅಂಚೆ ಮ್ಯೂಸಿಯಂ 2018ರಲ್ಲಿ ಪ್ರದರ್ಶನವನ್ನೇ ಇಟ್ಟಿತು. ಒಳ್ಳೆಯದೇ. ಆದರೆ ಬಾಯ್ಲರಿಗೆ ಕಲ್ಲಿದ್ದಲು ಸುರಿದ ನಮ್ಮ ಖಲಾಸಿ ಬಿಳಿಯ ನಾವಿಕನ ಕಾಲು ಪಾಲೋ ಮೂರರಲ್ಲೊಂದು ಪಾಲೋ ಸಂಬಳಕ್ಕೆ ದುಡಿದವನು. ಅವನ ದನಿ ಆ ಚೀಲದಲ್ಲಿ ಎಲ್ಲಿಂದ ಬರಬೇಕು?

ಸಮುದ್ರದಲ್ಲಿ ಸತ್ತು ಸಮಾಧಿಯಿಲ್ಲದ ಅಂಥ ಆರು ಸಾವಿರಕ್ಕೂ ಹೆಚ್ಚು ಭಾರತೀಯ ನಾವಿಕರ ಹೆಸರು ಒಂದು ಪುಸ್ತಕದಲ್ಲಿದೆ. ಒಂದು ಪ್ರತಿ ಚಿತ್ತಗಾಂಗ್‌ನಲ್ಲಿ, ಇನ್ನೊಂದು ಮುಂಬೈಯಲ್ಲಿ. ಹೊನ್ನಾವರದಲ್ಲಿ ಸಂಜೆ ರೈಲು ಹತ್ತಿದರೆ ಬೆಳಗ್ಗೆ ಮುಂಬೈ. ಮುಂದಿನ ಕಂತು ಮಾಡುವ ಮೊದಲು ಅದನ್ನೊಮ್ಮೆ ನೋಡಿಕೊಂಡು ಬರುತ್ತೇನೆ.