ಡ್ರೀಮ್‌ಕಾಸ್ಟ್ ಸೋತದ್ದು ಯಾವಾಗ?

ಕೇಳುಗರಿಗೆ ನಮಸ್ಕಾರ.

ಜಪಾನಿನ ಸೆಗಾ ಕಂಪನಿ ತನ್ನ ಡ್ರೀಮ್‌ಕಾಸ್ಟ್ ಗೇಮ್ ಕನ್ಸೋಲ್‌ನ ತಯಾರಿಕೆಯನ್ನು ನಿಲ್ಲಿಸುವುದಾಗಿ 2001ರ ಜನವರಿ 31ರಂದು ಪ್ರಕಟಿಸಿತು. ಟಿವಿಗೆ ಜೋಡಿಸಿ ಆಡುವ ಯಂತ್ರಗಳ ವ್ಯಾಪಾರವನ್ನೇ ಬಿಟ್ಟು, ಇನ್ನು ಮುಂದೆ ಬೇರೆಯವರ ಯಂತ್ರಗಳಿಗೆ ಆಟಗಳನ್ನು ಮಾಡಿಕೊಡುತ್ತೇವೆ ಎಂದಿತು. ಸೋನಿ ಕಂಪನಿಯ ಪ್ಲೇಸ್ಟೇಷನ್ 2 ಬಂತು, ಅದರಲ್ಲಿ ಡಿವಿಡಿ ಸಿನಿಮಾಗಳನ್ನೂ ನೋಡಬಹುದಿತ್ತು, ಹಾಗಾಗಿ ಡ್ರೀಮ್‌ಕಾಸ್ಟ್ ಸೋತಿತು ಎಂದು ಹೇಳುವವರು ಬಹಳ. ಸೆಗಾದ ಆಟಗಳನ್ನು ಮನಸಾರೆ ಪ್ರೀತಿಸುವ ನನಗೆ ಈ ವಿವರಣೆ ಒಪ್ಪಿಗೆಯಾಗುವುದಿಲ್ಲ. ಡ್ರೀಮ್‌ಕಾಸ್ಟ್ ಹುಟ್ಟುವ ಮೊದಲೇ, 1994 ಮತ್ತು 95ರಲ್ಲಿ, ಸೆಗಾ ತನ್ನನ್ನು ನಂಬಿದವರನ್ನು ಒಬ್ಬೊಬ್ಬರನ್ನಾಗಿ ಕೈಬಿಟ್ಟಿತು. ಸೋಲು ಅಲ್ಲಿಂದಲೇ ಶುರುವಾಯಿತು.

ಅದಕ್ಕೂ ಮೊದಲಿನ ಸೆಗಾ ಹಾಗಿರಲಿಲ್ಲ. ಅದರ ಹಿಂದಿನ ಗೇಮ್ ಯಂತ್ರ ಮೆಗಾ ಡ್ರೈವ್ ಅಮೆರಿಕದಲ್ಲಿ ಜೆನೆಸಿಸ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಅಲ್ಲಿನ ಮುಖ್ಯಸ್ಥ ಟಾಮ್ ಕಾಲಿನ್ಸ್ಕಿ 1991ರಲ್ಲಿ ಯಂತ್ರದ ಬೆಲೆಯನ್ನು ಇಳಿಸಿ, ಹೊಚ್ಚ ಹೊಸ ಸೋನಿಕ್ ಆಟವನ್ನೂ ಅದರ ಜೊತೆಗೇ ಕೊಟ್ಟರು. ಮಾರುಕಟ್ಟೆಯನ್ನು ಹಿಡಿತದಲ್ಲಿಟ್ಟುಕೊಂಡಿದ್ದ ನಿಂಟೆಂಡೊಗೆ ಅದರಿಂದ ನಿಜವಾದ ಪೈಪೋಟಿ ಎದುರಾಯಿತು. ಕೊಳ್ಳುವವನಿಗೆ ಮೊದಲು ಲಾಭ, ಆಮೇಲೆ ಕಂಪನಿಗೆ. ಆ ನಿರ್ಧಾರವನ್ನು ನಾನು ಇಂದಿಗೂ ಮೆಚ್ಚುತ್ತೇನೆ.

1994ರ ನವೆಂಬರಿನಲ್ಲಿ ಸೆಗಾ ಅಮೆರಿಕದಲ್ಲಿ 32ಎಕ್ಸ್ ಎಂಬ ಉಪಕರಣವನ್ನು ಬಿಡುಗಡೆ ಮಾಡಿತು. ಜೆನೆಸಿಸ್‌ನ ನೆತ್ತಿಯ ಮೇಲೆ ಸಿಕ್ಕಿಸಿದರೆ ಹಳೆಯ ಯಂತ್ರಕ್ಕೆ ಹೊಸ ಶಕ್ತಿ ಬರುತ್ತದೆ ಎಂಬ ಭರವಸೆ. ಬೆಲೆ ಸುಮಾರು 160 ಡಾಲರ್. ಅದೇ ವಾರ ಜಪಾನಿನಲ್ಲಿ ಸೆಗಾದ ಮುಂದಿನ ಪೀಳಿಗೆಯ ಯಂತ್ರ ಸ್ಯಾಟರ್ನ್ ಮಾರಾಟಕ್ಕೆ ಬಂತು! ಹೊಸ ಮನೆಯ ಗೃಹಪ್ರವೇಶಕ್ಕೆ ದಿನ ಗೊತ್ತುಮಾಡಿದವರು ಹಳೆಯ ಮನೆಗೆ ಮಹಡಿ ಕಟ್ಟಿಸಲು ಊರವರಿಂದ ಹಣ ಎತ್ತಿದಂತಾಯಿತು ಇದು. 32ಎಕ್ಸ್‌ಗೆಂದು ಬಂದ ಆಟಗಳು ಎಲ್ಲ ಸೇರಿ ನಲವತ್ತರ ಆಸುಪಾಸು. ಕೊನೆಗೆ ಅಂಗಡಿಗಳು ಅದನ್ನು 20 ಡಾಲರಿಗೆ ಮಾರಿ ಕೈತೊಳೆದುಕೊಂಡವು. ಪೂರ್ತಿ ಬೆಲೆ ತೆತ್ತವರು ಯಾರು? ಸೆಗಾದ ಮೇಲೆ ಎಲ್ಲರಿಗಿಂತ ಹೆಚ್ಚು ಅಭಿಮಾನ ಇಟ್ಟುಕೊಂಡಿದ್ದ ಹುಡುಗರು ಮತ್ತು ಅವರ ಹಟಕ್ಕೆ ಮಣಿದ ತಂದೆತಾಯಂದಿರು.

ಇನ್ನು 1995ರ ಮೇ 11. ಲಾಸ್ ಏಂಜಲೀಸ್‌ನಲ್ಲಿ ಇ3 ಎಂಬ ಗೇಮ್ ಮೇಳ ಮೊದಲ ಬಾರಿಗೆ ನಡೆಯುತ್ತಿತ್ತು. ಸ್ಯಾಟರ್ನ್ ಅಮೆರಿಕಕ್ಕೆ ಸೆಪ್ಟೆಂಬರ್ 2ರ ಶನಿವಾರ ಬರುತ್ತದೆ ಎಂದು ಸೆಗಾ ಮೊದಲೇ ಸಾರಿತ್ತು. ಆದರೆ ವೇದಿಕೆಯೇರಿದ ಕಾಲಿನ್ಸ್ಕಿ, ಸ್ಯಾಟರ್ನ್ ಈಗಾಗಲೇ ಕೆಲವು ಅಂಗಡಿಗಳಿಗೆ ತಲುಪಿದೆ, ಬೆಲೆ 399 ಡಾಲರ್ ಎಂದರು. ಸೋನಿಯ ಪ್ಲೇಸ್ಟೇಷನ್‌ಗಿಂತ ಮೊದಲು ಮಾರುಕಟ್ಟೆಗೆ ಇಳಿಯಬೇಕೆಂದು ಜಪಾನಿನ ಮುಖ್ಯ ಕಚೇರಿ ಹಟ ಹಿಡಿದಿತ್ತು. ತಮಗೆ ಅದು ಇಷ್ಟವಿರಲಿಲ್ಲ ಎಂದು ಕಾಲಿನ್ಸ್ಕಿ ಆಮೇಲೆ ಹೇಳಿಕೊಂಡಿದ್ದಾರೆ. ಅದೇ ಮೇಳದಲ್ಲಿ ಸೋನಿಯ ಸ್ಟೀವ್ ರೇಸ್ ವೇದಿಕೆಗೆ ಬಂದು, ಪ್ಲೇಸ್ಟೇಷನ್‌ನ ಬೆಲೆಯನ್ನು ಮಾತ್ರ ಹೇಳಿ ಕೆಳಗಿಳಿದರು: 299. ಸಭೆ ಚಪ್ಪಾಳೆ ತಟ್ಟಿತು.

ಈ ನೂರು ಡಾಲರಿನ ವ್ಯತ್ಯಾಸದ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ನನ್ನನ್ನು ಕಾಡುವುದು ಅಂಗಡಿಗಳ ವಿಷಯ. ನಾಲ್ಕು ಸರಣಿ ಅಂಗಡಿಗಳಿಗೆ ಮಾತ್ರ ಸ್ಯಾಟರ್ನ್ ಸಿಕ್ಕಿತು. ವಾಲ್‌ಮಾರ್ಟ್, ಬೆಸ್ಟ್ ಬೈ, ಕೆಬಿ ಟಾಯ್ಸ್‌ನಂಥ ಉಳಿದ ಅಂಗಡಿಗಳು ಸೆಪ್ಟೆಂಬರನ್ನು ನೆಚ್ಚಿಕೊಂಡು ಕೂತಿದ್ದವು. ವರ್ಷಗಳಿಂದ ಸೆಗಾದ ಸರಕು ಮಾರಿಕೊಂಡು ಬಂದಿದ್ದ ಕೆಬಿ ಟಾಯ್ಸ್‌ಗೆ ಎಷ್ಟು ಸಿಟ್ಟು ಬಂತೆಂದರೆ, ಅದು ಸ್ಯಾಟರ್ನನ್ನು ಮಾರಲೇ ಒಪ್ಪಲಿಲ್ಲ. ಸೆಪ್ಟೆಂಬರಿಗೆ ಮುಗಿಯುವಂತೆ ಆಟಗಳನ್ನು ಸಿದ್ಧಮಾಡುತ್ತಿದ್ದ ಹೊರಗಿನ ಕಂಪನಿಗಳಿಗೂ ಇದೇ ಗತಿ. ಹೊಸ ಯಂತ್ರ ಅಂಗಡಿಯಲ್ಲಿದೆ, ಅದರಲ್ಲಿ ಆಡಲು ಬೆರಳೆಣಿಕೆಯ ಆಟಗಳು ಮಾತ್ರ. ಸ್ಯಾಟರ್ನ್‌ಗೆ ಆಟ ಬರೆಯುವುದೂ ಸುಲಭವಿರಲಿಲ್ಲ; ಅದರ ಎರಡು ಮುಖ್ಯ ಪ್ರೊಸೆಸರ್‌ಗಳನ್ನು ಹೊಂದಿಸಿಕೊಂಡು ಕೆಲಸ ತೆಗೆಯಲು ಅನುಭವಿಗಳೂ ಒದ್ದಾಡಿದರು.

1997ರಲ್ಲಿ, ಸ್ಯಾಟರ್ನ್ ಇನ್ನೂ ಮಾರಾಟದಲ್ಲಿರುವಾಗಲೇ, ಅಮೆರಿಕದ ಸೆಗಾದ ಬರ್ನಿ ಸ್ಟೋಲರ್ ತಮ್ಮ ಭವಿಷ್ಯ ಸ್ಯಾಟರ್ನ್ ಅಲ್ಲ ಎಂದು ಬಹಿರಂಗವಾಗಿ ಹೇಳಿಬಿಟ್ಟರು. ಹಿಂದಿನ ದಿನವಷ್ಟೇ ಅದನ್ನು ಕೊಂಡು ತಂದವನ ಸ್ಥಿತಿಯನ್ನು ಯೋಚಿಸಿ. ಇಂಥ ಮಾತನ್ನು ನಾನು ಕ್ಷಮಿಸಲಾರೆ.

ಇಷ್ಟೆಲ್ಲ ಆದ ಮೇಲೆ ಬಂದದ್ದು ಡ್ರೀಮ್‌ಕಾಸ್ಟ್. ಅದು ಅದ್ಭುತವಾಗಿತ್ತು! 1999ರ ಸೆಪ್ಟೆಂಬರ್ 9ರಂದು ಅಮೆರಿಕದಲ್ಲಿ 199 ಡಾಲರಿಗೆ ಸಿಕ್ಕಿತು. ಮೊದಲ ದಿನದ ವಹಿವಾಟೇ 9 ಕೋಟಿ ಡಾಲರ್ ದಾಟಿತು. ಇಂಟರ್ನೆಟ್ ಮೋಡೆಮ್ ಯಂತ್ರದೊಂದಿಗೇ ಬರುತ್ತಿತ್ತು. ಶೆನ್‌ಮೂ ಆಟದಲ್ಲಿ ಯೊಕೊಸುಕಾ ಊರಿನ ಅಂಗಡಿಗಳು ಹೊತ್ತಿಗೆ ಸರಿಯಾಗಿ ಬಾಗಿಲು ತೆರೆಯುತ್ತಿದ್ದವು, ಮುಚ್ಚುತ್ತಿದ್ದವು. ಫ್ಯಾಂಟಸಿ ಸ್ಟಾರ್ ಆನ್‌ಲೈನ್‌ನಲ್ಲಿ ಜಪಾನಿನವರು, ಅಮೆರಿಕದವರು, ಯುರೋಪಿನವರು ಒಂದೇ ತಂಡವಾಗಿ ಆಡುತ್ತಿದ್ದರು. ಒಬ್ಬರು ಆರಿಸಿದ ಸಿದ್ಧ ವಾಕ್ಯ ಇನ್ನೊಬ್ಬರ ಪರದೆಯಲ್ಲಿ ಅವರವರ ಭಾಷೆಯಲ್ಲೇ ಮೂಡುತ್ತಿತ್ತು. 2001ರ ಇಸವಿಯಲ್ಲಿ, ಮನೆಯ ಟಿವಿಯ ಮುಂದೆ! ಆ ಯಂತ್ರವನ್ನು ಮಾಡಿದವರ ಬಗ್ಗೆ ನನಗೆ ಗೌರವವಲ್ಲದೆ ಬೇರೇನಿಲ್ಲ.

ಆದರೆ ಜೆನೆಸಿಸ್ ಕಾಲದಲ್ಲಿ ಕ್ರೀಡಾ ಆಟಗಳಿಂದ ಸೆಗಾಕ್ಕೆ ಬಲ ತುಂಬಿದ್ದ ಎಲೆಕ್ಟ್ರಾನಿಕ್ ಆರ್ಟ್ಸ್ ಡ್ರೀಮ್‌ಕಾಸ್ಟ್‌ಗೆ ಒಂದು ಆಟವನ್ನೂ ಕೊಡಲಿಲ್ಲ. ಕೊಳ್ಳುವವರಲ್ಲೂ ಎಷ್ಟೋ ಮಂದಿ ಪ್ಲೇಸ್ಟೇಷನ್ 2ಕ್ಕಾಗಿ ಕಾದರು. 32ಎಕ್ಸ್ ಮತ್ತು ಸ್ಯಾಟರ್ನ್ ಎರಡರಲ್ಲೂ ಕೈ ಸುಟ್ಟುಕೊಂಡವರು ಮೂರನೆಯ ಬಾರಿಗೆ ಹಣ ತೆಗೆಯಲು ಹಿಂಜರಿದರೆ ಅವರನ್ನು ದೂರುವುದು ಹೇಗೆ? ಸ್ಯಾಟರ್ನ್ ಕಾಲದ ನಷ್ಟದಿಂದ ಕಂಪನಿಯ ಬೊಕ್ಕಸವೂ ಬರಿದಾಗಿತ್ತು. ಅಧ್ಯಕ್ಷ ಇಸಾವೊ ಒಕಾವಾ ಸುಮಾರು 70 ಕೋಟಿ ಡಾಲರ್ ಬೆಲೆಯ ಸ್ವಂತ ಷೇರುಗಳನ್ನು ಕಂಪನಿಗೆ ದಾನವಾಗಿ ಕೊಟ್ಟರು. 2001ರ ಮಾರ್ಚಿನಲ್ಲಿ ಅವರು ತೀರಿಕೊಂಡರು. ಸೆಗಾ ಇಂದು ಆಟಗಳನ್ನು ಮಾಡಿಕೊಂಡು ಉಳಿದಿದ್ದರೆ ಅದರಲ್ಲಿ ಆ ಹಿರಿಯರ ಪಾಲು ದೊಡ್ಡದು.

ಸೆಗಾ ಏನು ಮಾಡಬೇಕಿತ್ತು ಎಂದು ಕೇಳಿದರೆ, ನಾನು ಹೇಳುವುದು ಇಷ್ಟೇ: 32ಎಕ್ಸ್ ಅನ್ನು ಕೈಬಿಡಬೇಕಿತ್ತು, ಸೆಪ್ಟೆಂಬರ್ 2ರ ದಿನಾಂಕವನ್ನು ಉಳಿಸಿಕೊಳ್ಳಬೇಕಿತ್ತು. 399 ಡಾಲರ್ ಆಗಲೂ ದುಬಾರಿಯೇ ಆಗಿರುತ್ತಿತ್ತು, ಸೋನಿ ಆಗಲೂ ಮುಂದಿರುತ್ತಿತ್ತೇನೋ. ಆದರೆ ಸ್ಯಾಟರ್ನ್ ಜೊತೆಗೆ ಆಡಲು ಸಾಕಷ್ಟು ಆಟಗಳಿರುತ್ತಿದ್ದವು, ಕೆಬಿ ಟಾಯ್ಸ್‌ನ ಕಪಾಟಿನಲ್ಲಿ ಅದಕ್ಕೊಂದು ಜಾಗವಿರುತ್ತಿತ್ತು.

ನಮಸ್ಕಾರ.