ಸದ್ದು ಬರಲಿಲ್ಲ ಅಂತ ಜೆಸಿಬಿ ಇಳಿಸಬೇಡಿ

ಕೇಳುಗರಿಗೆ ನಮಸ್ಕಾರ. ರಸ್ತೆ ಅಗೆಸುವ ಗುತ್ತಿಗೆದಾರರೇ, ಮೇಸ್ತ್ರಿಗಳೇ, ಜೆಸಿಬಿ ಓಡಿಸುವವರೇ, ಇವತ್ತಿನ ಮಾತು ನಿಮಗೆ. ಕೇಬಲ್ ಹುಡುಕಲು ಲೊಕೇಟರ್ ತರಿಸುತ್ತೀರಿ, ಸಂತೋಷ. ಒಂದು ಸುತ್ತು ಆಡಿಸಿ, ಸದ್ದು ಬರದಿದ್ದರೆ "ಕೆಳಗೆ ಏನಿಲ್ಲ, ಹೊಡಿ" ಅಂತೀರಿ. ಎಡವುವುದು ಅಲ್ಲೇ.

ಲೊಕೇಟರ್‌ಗೆ ಕೇಬಲ್ಲೂ ಕಾಣದು, ಪೈಪೂ ಕಾಣದು. ಲೋಹದಲ್ಲಿ ಕರೆಂಟ್ ಹರಿದಾಗ ಸುತ್ತ ಏಳುವ ಕಾಂತಕ್ಷೇತ್ರವಷ್ಟೇ ಅದಕ್ಕೆ ಗೊತ್ತಾಗುವುದು. ಪವರ್ ಮೋಡಿನಲ್ಲಿ ಅದು ಲೈನಿನ ಕರೆಂಟಿನ 50 ಹರ್ಟ್ಸ್ ಕಂಪನವನ್ನೇ ಹುಡುಕುತ್ತದೆ. ಲೋಡ್ ಇಲ್ಲದ ಕೇಬಲ್‌ನಲ್ಲಿ ವೋಲ್ಟೇಜ್ ಇದ್ದರೂ ಸದ್ದು ಬರುವುದಿಲ್ಲ. ಮೂರು ಫೇಸಿನ ಲೋಡ್ ಸಮನಾಗಿದ್ದರೆ ಒಂದರ ಕ್ಷೇತ್ರವನ್ನು ಇನ್ನೊಂದು ಕಳೆದುಬಿಡುತ್ತದೆ. ಪಿವಿಸಿ ಪೈಪು, ಗ್ಯಾಸಿನ ಪ್ಲಾಸ್ಟಿಕ್ ಪೈಪಿನ ಮಾತಂತೂ ಬಿಡಿ. ಸದ್ದಿಲ್ಲ ಎಂದರೆ ಏನೂ ಇಲ್ಲ ಎಂದಲ್ಲ.

ಆದ್ದರಿಂದ ಟ್ರಾನ್ಸ್‌ಮಿಟರ್ ಬಳಸಿ, ಅಂದರೆ ಸಿಗ್ನಲ್ ಕಳಿಸುವ ಪೆಟ್ಟಿಗೆಯಿಂದ ಕೇಬಲ್ಲಿಗೆ ನೀವೇ ಸಿಗ್ನಲ್ ಹಾಯಿಸಿ. ಅದಕ್ಕೂ ಕ್ರಮವಿದೆ. ಬೆಂಗಳೂರಿನ ಹಳೇ ಬಡಾವಣೆಯ ಒಂದು ಫುಟ್‌ಪಾತ್ ತೆಗೆದುಕೊಳ್ಳಿ. ಮೂರಡಿ ಆಳದಲ್ಲಿ 11 ಕೆವಿ ಕೇಬಲ್, ಪಕ್ಕದಲ್ಲಿ ಒಂದೂವರೆ ಅಡಿ ದೂರಕ್ಕೆ, ಸ್ವಲ್ಪ ಮೇಲೆ, ಬೀಡುಕಬ್ಬಿಣದ ನೀರಿನ ಪೈಪು. ಹುಡುಗ ಬರುತ್ತಾನೆ, ಟ್ರಾನ್ಸ್‌ಮಿಟರನ್ನು ನೆಲದ ಮೇಲಿಟ್ಟು 33 ಕಿಲೋಹರ್ಟ್ಸ್ ಇಂಡಕ್ಷನ್, ಅಂದರೆ ವೈರ್ ಸಿಕ್ಕಿಸದೆ ಮೇಲಿಂದಲೇ ಸಿಗ್ನಲ್ ಹಾಯಿಸುವ ಮೋಡ್, ಹಾಕುತ್ತಾನೆ. ಫ್ರೀಕ್ವೆನ್ಸಿ ಹೆಚ್ಚಿದಷ್ಟೂ ಸಿಗ್ನಲ್ ಪಕ್ಕದ ಲೋಹಕ್ಕೆ ಸುಲಭವಾಗಿ ಹಾರುತ್ತದೆ. ಇಲ್ಲೂ ಪೈಪಿಗೆ ಹಾರಿತು. ಪೈಪು ಮೇಲಿರುವುದರಿಂದ ಸದ್ದು ಅಲ್ಲೇ ಜೋರು. ಅವನು ಪೈಪಿನ ನೆತ್ತಿಯ ಮೇಲೆ ಸುಣ್ಣದ ಗೆರೆ ಎಳೆದು "ಇದೇ ಕೇಬಲ್" ಎಂದ. ಜೆಸಿಬಿಯವನು ಗೆರೆ ತಪ್ಪಿಸಿ, ಒಂದೂವರೆ ಅಡಿ ಪಕ್ಕಕ್ಕೆ ಹಲ್ಲು ಇಳಿಸಿದ. ಅಲ್ಲಿ ಏನಿತ್ತು, ನಿಮಗೇ ಗೊತ್ತು.

ಸರಿಯಾದ ದಾರಿ: ಕೇಬಲ್ ಕಂಬಕ್ಕೆ ಏರುವ ಕಡೆ, ವಿದ್ಯುತ್ ಕಂಪನಿಯವರ ಕೈಯಿಂದಲೇ, ಟ್ರಾನ್ಸ್‌ಮಿಟರಿನ ಕ್ಲಾಂಪ್, ಅಂದರೆ ಕೇಬಲ್ ಸುತ್ತ ಹಿಡಿಯುವ ಉಂಗುರ, ಹಾಕಿಸಿ. ಕೇಬಲ್ಲಿನ ಲೋಹದ ಕವಚ ಎರಡೂ ತುದಿಯಲ್ಲಿ ಅರ್ತ್ ಆಗಿರಬೇಕು, ಇಲ್ಲದಿದ್ದರೆ ಸಿಗ್ನಲ್ ಹರಿಯದು. ಫ್ರೀಕ್ವೆನ್ಸಿ 8 ಕಿಲೋಹರ್ಟ್ಸ್ ಸಾಕು. ಲೈವ್ ಕೇಬಲ್ಲಿಗೆ ನೇರ ವೈರ್ ಸಿಕ್ಕಿಸಬೇಡಿ, ದಯವಿಟ್ಟು. ಕಬ್ಬಿಣದ ಪೈಪಾದರೆ ವಾಲ್ವಿನ ತುಕ್ಕು ಉಜ್ಜಿ ತೆಗೆದು ನೇರವಾಗಿಯೇ ಸಿಕ್ಕಿಸಬಹುದು. ಟ್ರಾನ್ಸ್‌ಮಿಟರಿನ ಇನ್ನೊಂದು ವೈರ್ ಸಿಕ್ಕಿಸುವ ಅರ್ತ್ ಗೂಟವನ್ನು ಪೈಪಿಗೆ ಲಂಬವಾಗಿ, ಆದಷ್ಟು ದೂರ ಹೊಡೆಯಿರಿ. ನೆಲ ಒಣಗಿದ್ದರೆ ಬುಡಕ್ಕೆ ಒಂದು ಬಕೆಟ್ ನೀರು. ಗೂಟಕ್ಕೂ ಪೈಪಿಗೂ ನಡುವೆ ಬೇರೆ ಕೇಬಲ್ ಇದ್ದರೆ ಸಿಗ್ನಲ್ ಅದನ್ನೂ ಹತ್ತುತ್ತದೆ, ನೋಡಿಕೊಳ್ಳಿ.

ಗುರುತು ಹಾಕುವ ಮುಂಚೆ ಪೀಕ್, ನಲ್ ಎರಡೂ ಮೋಡಿನಲ್ಲಿ ನೋಡಿ. ನೆತ್ತಿಯ ಮೇಲೆ ಪೀಕಿನಲ್ಲಿ ಸದ್ದು ಅತಿ ಜೋರು, ನಲ್‌ನಲ್ಲಿ ಅತಿ ಕಡಿಮೆ. ಎರಡೂ ಒಂದೇ ಜಾಗ ತೋರಿಸಬೇಕು. ಅರ್ಧ ಅಡಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಪಕ್ಕದಲ್ಲಿ ಇನ್ನೇನೋ ಇದೆ, ಆಳದ ಲೆಕ್ಕ ನಂಬಬೇಡಿ. ಲೊಕೇಟರನ್ನು ಅರ್ಧ ಮೀಟರ್ ಮೇಲೆತ್ತಿದರೆ ಆಳವೂ ಅರ್ಧ ಮೀಟರ್ ಹೆಚ್ಚಬೇಕು. ಅದು ತೋರಿಸುವುದು ಪೈಪಿನ ನಡುವಿನ ಆಳ, ನೆತ್ತಿಯದ್ದಲ್ಲ. 300 ಮಿಲಿಮೀಟರ್ ಪೈಪಾದರೆ 150 ಕಳೆಯಿರಿ.

ಸಮಯವಾಯಿತು, ಬೇಗ ಹೇಳುತ್ತೇನೆ. ಪ್ಲಾಸ್ಟಿಕ್ ಪೈಪಿಗೆ ನೆಲದ ರೇಡಾರ್ ಬೇಕು. ಒದ್ದೆ ಎರೆಮಣ್ಣಿನಲ್ಲಿ ಅದೂ ಆಳಕ್ಕೆ ಇಳಿಯುವುದಿಲ್ಲ. ಅಗೆಯುವ ಮುಂಚೆ ತಿಳಿಸಲು 2023ರ ಮಾರ್ಚಿನಲ್ಲಿ ಬಂದ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ಇದೆ, ಬಳಸಿ. ಮತ್ತೆ ಹೇಳುತ್ತೇನೆ, ಸದ್ದಿಲ್ಲ ಎಂದರೆ ಏನೂ ಇಲ್ಲ ಎಂದಲ್ಲ. ಗೆರೆಗೆ ಅಡ್ಡಲಾಗಿ ಕೈಯಿಂದ ಪರೀಕ್ಷಾ ಗುಂಡಿ ತೋಡಿಸಿ. ಹಾರೆ, ಪಿಕಾಸಿ ಬೇಡ, ಸಲಿಕೆ ಸಾಕು. ಕೇಬಲ್ ಕಣ್ಣಿಗೆ ಬಿದ್ದ ಮೇಲೆ ಜೆಸಿಬಿ ಕರೆಸಿ. ನಮಸ್ಕಾರ.