ಒಡೆತನ ಬಿಟ್ಟ ಮೇಲೂ ಕೆಲಸ ಇದೆ

ಕೇಳುಗರಿಗೆ ನಮಸ್ಕಾರ.

ದೇವರ ಮುಂದೆ ಕೈ ಮುಗಿದು 'ಎಲ್ಲವೂ ನಿನ್ನದೇ' ಅಂತ ನಾವು ಎಷ್ಟು ಸಲ ಹೇಳಿರುತ್ತೇವೆ, ಅಲ್ವಾ? ನಾನಂತೂ ವರ್ಷಗಟ್ಟಲೆ ಹೇಳಿದ್ದೇನೆ. ಆ ಮಾತಿನ ತೂಕ ಗೊತ್ತಾದದ್ದು ಮಾತ್ರ ಒಂದು ರಾತ್ರಿ, ಆಸ್ಪತ್ರೆಯ ಬೆಂಚಿನ ಮೇಲೆ.

ಮಗಳಿಗೆ ಆಗ ಆರು ವರ್ಷ. ಜ್ವರ ಇಳಿಯುತ್ತಲೇ ಇರಲಿಲ್ಲ. ಒಳಗೆ ವೈದ್ಯರು, ಹೊರಗೆ ನಾನು. 'ನನ್ನ ಮಗು, ನನ್ನ ಮಗು' ಎನ್ನುವುದೊಂದೇ ಬಾಯಲ್ಲಿ. ನಡುರಾತ್ರಿ ದಾಟಿದ ಮೇಲೆ ಒಂದು ವಿಷಯ ಮನಸ್ಸಿಗೆ ತಟ್ಟಿತು. ಇವಳ ಒಂದು ಉಸಿರನ್ನೂ ನಾನು ಮಾಡಿಕೊಟ್ಟವನಲ್ಲ. ನೋಡಿಕೊಳ್ಳು ಅಂತ ನನ್ನ ಕೈಗೆ ಕೊಟ್ಟಿದ್ದಾನೆ, ಅಷ್ಟೇ. 'ದೇವರೇ, ಇವಳು ನಿನ್ನವಳು. ನನ್ನ ಕೈಲಾದದ್ದನ್ನೆಲ್ಲ ಮಾಡುತ್ತೇನೆ. ಆದರೆ ಇವಳು ನಿನ್ನವಳು' ಎಂದೆ.

ಜ್ವರ ಇಳಿದದ್ದು ಅದಾಗಿ ಮೂರು ದಿನಕ್ಕೆ. ನಾನು ಹಾಗೆ ಹೇಳಿದ್ದಕ್ಕೇ ಇಳಿಯಿತು ಅನ್ನಲಾರೆ. ಹಾಗಂದರೆ ಅದು ವ್ಯಾಪಾರವಾಗುತ್ತದೆ. ಆದರೆ ಆ ಮೂರು ದಿನ ನನ್ನ ಕೈ ನಡುಗಲಿಲ್ಲ. ಔಷಧಿಯ ಹೊತ್ತು ತಪ್ಪಲಿಲ್ಲ. ವೈದ್ಯರು ಹೇಳಿದ್ದು ಸರಿಯಾಗಿ ಕಿವಿಗೆ ಬಿತ್ತು. ಭಯ ಕಡಿಮೆಯಾಯಿತು, ಆರೈಕೆ ಜಾಸ್ತಿಯಾಯಿತು.

ಇದನ್ನೇ ಬಹಳ ಜನ ತಪ್ಪು ತಿಳಿಯುತ್ತಾರೆ. ದೇವರಿಗೆ ಒಪ್ಪಿಸುವುದು ಅಂದರೆ ಕೈಚೆಲ್ಲಿ ಕೂರುವುದು ಅಂದುಕೊಳ್ಳುತ್ತಾರೆ. 1750ರ ಜನವರಿಯಲ್ಲಿ ತಿರುವಾಂಕೂರಿನ ರಾಜ ಮಾರ್ತಾಂಡವರ್ಮ ತನ್ನ ಇಡೀ ರಾಜ್ಯವನ್ನು ಪದ್ಮನಾಭಸ್ವಾಮಿಗೆ ಒಪ್ಪಿಸಿದ. ಖಡ್ಗವನ್ನು ದೇವರ ಮುಂದೆ ಇಟ್ಟು, ಮತ್ತೆ ಎತ್ತಿಕೊಂಡ. ಇಡುವಾಗ ಅವನು ಒಡೆಯ. ಎತ್ತಿಕೊಳ್ಳುವಾಗ ಪದ್ಮನಾಭದಾಸ. ಅದರಲ್ಲಿ ರಾಜಕೀಯದ ಲೆಕ್ಕವೂ ಇತ್ತು ಎನ್ನುವವರಿದ್ದಾರೆ. ಇರಬಹುದು. ನನ್ನ ಮನಸ್ಸು ಹೋಗುವುದು ಆ ಎತ್ತಿಕೊಂಡ ಖಡ್ಗದ ಕಡೆಗೆ. ಒಪ್ಪಿಸಿಯಾಯಿತು ಅಂತ ಅವನು ಸುಮ್ನೆ ಕೂರಲಿಲ್ಲ. 1758ರಲ್ಲಿ ಸಾಯುವವರೆಗೂ ಆಳಿದ. ವಿಜಯನಗರದ ಅರಸರ ಎಷ್ಟೋ ತಾಮ್ರಶಾಸನಗಳ ಕೊನೆಯಲ್ಲೂ 'ಶ್ರೀ ವಿರೂಪಾಕ್ಷ' ಎಂಬ ಅಂಕಿತವಿದೆ. ಅಪ್ಪಣೆ ಅರಸನದು, ರುಜು ದೇವರ ಹೆಸರಿನಲ್ಲಿ.

ಅವರಿಗೂ ಮೊದಲೇ, 12ನೇ ಶತಮಾನದಲ್ಲಿ, ನಮ್ಮ ಶರಣರು ಇದನ್ನು ದಿನದ ದುಡಿಮೆಯಲ್ಲೇ ಬದುಕಿ ತೋರಿಸಿದ್ದರು. ದುಡಿಯುವುದು ಕಾಯಕ, ದುಡಿದದ್ದನ್ನು ಹಂಚುವುದು ದಾಸೋಹ. ದಾನ ಅನ್ನಲಿಲ್ಲ ನೋಡಿ. ದಾನ ಮಾಡಿದವನ ಮನಸ್ಸಿನಲ್ಲಿ 'ನನ್ನದನ್ನು ಕೊಟ್ಟೆ' ಎಂಬುದು ಉಳಿದುಬಿಡಬಹುದು. ದಾಸೋಹ ಎಂಬ ಮಾತಿನಲ್ಲಿ 'ನಾನು ದಾಸ' ಅನ್ನುವುದೇ ಇದೆ. ದೇವರದನ್ನು ದೇವರಿಗೇ ಮುಟ್ಟಿಸಿದವನು ಏನಂತ ಬೀಗಬೇಕು?

ಹಣ, ಮನೆ ಇವನ್ನು ಒಪ್ಪಿಸುವುದು ಕಷ್ಟವೇ. ಅದಕ್ಕಿಂತ ಕಷ್ಟದ್ದು ನಮ್ಮ ಹೆಸರು. ನಾನು ಮಾಡಿದ ಕೆಲಸಕ್ಕೆ ಇನ್ನೊಬ್ಬರಿಗೆ ಶಾಲು ಹೊದಿಸಿದಾಗ ಹೊಟ್ಟೆಯಲ್ಲಿ ಏಳುವ ಸಂಕಟ ಇದೆಯಲ್ಲ, ಒಡೆತನ ಎಲ್ಲಿ ಉಳಿದಿದೆ ಅಂತ ಅದೇ ತೋರಿಸುತ್ತದೆ. ಇನ್ನೂ ಒಂದಿದೆ. ನಮಗಾದ ಅನ್ಯಾಯ. ಅದನ್ನು ಆಸ್ತಿ ಪತ್ರದ ಹಾಗೆ ಜೋಪಾನವಾಗಿಟ್ಟು, ಆಗಾಗ ತೆಗೆದು ಓದುತ್ತೇವೆ. ಒಬ್ಬರ ಮಾತು ಹತ್ತು ವರ್ಷದ ಹಿಂದೆ ನನ್ನನ್ನು ನೋಯಿಸಿತ್ತು. ಅದನ್ನು 'ಇದೂ ನಿನ್ನದು, ತಗೋ' ಅನ್ನಲು ನನಗೆ ಮಗಳನ್ನು ಒಪ್ಪಿಸಿದ್ದಕ್ಕಿಂತ ಜಾಸ್ತಿ ದಿನ ಹಿಡಿಯಿತು. ನಾಚಿಕೆಯ ಮಾತು, ಆದರೆ ನಿಜ.

ಒಂದೇ ಸಲಕ್ಕೆ ಕೊಟ್ಟು ಮುಗಿಯುವುದೂ ಇಲ್ಲ. ಮಗಳು ಈಗ ದೊಡ್ಡವಳು, ದೂರದಲ್ಲಿದ್ದಾಳೆ. ಇವತ್ತು ಬೆಳಗ್ಗೆಯೂ ಅವಳ ಹೆಸರು ಹೇಳಿ ದೇವರಿಗೆ ಒಪ್ಪಿಸಿದೆ. ಮಧ್ಯಾಹ್ನ ಅವಳು ಫೋನ್ ಎತ್ತಲಿಲ್ಲ. ಅಷ್ಟರಲ್ಲೇ ಎದೆ ಬಿಗಿಯಿತು, ಮತ್ತೆ 'ನನ್ನ ಮಗು' ಶುರುವಾಯಿತು. ಕಣ್ಣು ಮುಚ್ಚಿ ಇನ್ನೊಮ್ಮೆ ಒಪ್ಪಿಸಿದೆ. ಆಮೇಲೆ ಮತ್ತೆ ಫೋನ್ ಮಾಡಿದೆ.

ನಮಸ್ಕಾರ.